ಮೊದಲು ಬರೆಯಿರಿ, ಆಮೇಲೆ ಸ್ಲೈಡರ್ ಮುಟ್ಟಿ: ಕೊಡಗಿನ ಒಂದು ಗಣಿತ ತರಗತಿಯಲ್ಲಿ ಟ್ಯಾಬ್ಲೆಟ್

ಕೊಡಗಿನ ಒಂದು ಪದವಿ ಕಾಲೇಜು. ಎರಡನೇ ವರ್ಷದ ಬಿ.ಎಸ್ಸಿ. ತರಗತಿಯಲ್ಲಿ 42 ವಿದ್ಯಾರ್ಥಿಗಳು, ಗಣಿತ ವಿಭಾಗದ ಬೀರುವಿನಲ್ಲಿ 14 ಟ್ಯಾಬ್ಲೆಟ್. ಪಾಠ ರೀಮನ್ ಇಂಟಿಗ್ರಲ್ (ಗ್ರಾಫಿನ ಕೆಳಗಿನ ವಿಸ್ತೀರ್ಣವನ್ನು ಆಯತಗಳಿಂದ ಅಳೆಯುವ ಬಗೆ), ತಿಂಗಳು ಜುಲೈ, ಸಿಕ್ಕಿದ್ದು 55 ನಿಮಿಷದ ನಾಲ್ಕು ಪೀರಿಯಡ್. ಮೊದಲ ಪೀರಿಯಡ್ ಕೆಟ್ಟಿತು. ಎರಡನೆಯದು ಸುಧಾರಿಸಿತು. ಮೂರನೆಯದರಲ್ಲಿ ಟ್ಯಾಬ್ಲೆಟ್ ನಿಜಕ್ಕೂ ಕೆಲಸಕ್ಕೆ ಬಂತು. ನಾಲ್ಕನೆಯದರಲ್ಲಿ ಅದು ಬೇಕೆಂದೇ ಬೀರುವಿನಲ್ಲಿ ಉಳಿಯಿತು. ಯಾವುದು ಏಕೆ ಹಾಗಾಯಿತು ಎಂಬುದೇ ಈ ಬರಹದ ವಿಷಯ.

ಈ ಪಾಠವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಪಿಯುಸಿ ಮುಗಿಸಿ ಬಂದ ವಿದ್ಯಾರ್ಥಿಗೆ ಇಂಟಿಗ್ರೇಶನ್ ಎಂದರೆ ಡಿಫರೆನ್ಸಿಯೇಶನ್ ಅನ್ನು ತಿರುಗಿಸುವುದು. ಎಕ್ಸ್ ವರ್ಗವನ್ನು 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿ ಎಂದರೆ ಹತ್ತು ಸೆಕೆಂಡಿನಲ್ಲಿ 1/3 ಎಂಬ ಉತ್ತರ ಬರುತ್ತದೆ. ಆ 1/3 ಯಾವುದರ ಅಳತೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಉತ್ತರ ಮೊದಲೇ ಕೈಯಲ್ಲಿರುವವರಿಗೆ ಲೋವರ್ ಸಮ್ (ಗ್ರಾಫಿನ ಕೆಳಗೇ ನಿಲ್ಲುವ ಆಯತಗಳ ಮೊತ್ತ), ಅಪ್ಪರ್ ಸಮ್ (ಗ್ರಾಫನ್ನು ಪೂರ್ತಿ ಮುಚ್ಚುವ ಆಯತಗಳ ಮೊತ್ತ) ಎಲ್ಲ ಸುಮ್ಮನೆ ಸುತ್ತುಬಳಸಿನ ದಾರಿಯಂತೆ ಕಾಣುತ್ತದೆ. ಕೆಳಗಿನಿಂದ ಒಂದು ಸಂಖ್ಯೆ ಏರುತ್ತಿದೆ, ಮೇಲಿನಿಂದ ಒಂದು ಇಳಿಯುತ್ತಿದೆ, ನಡುವೆ ಸಿಕ್ಕಿಕೊಂಡದ್ದೇ ಇಂಟಿಗ್ರಲ್ ಎಂಬ ಚಿತ್ರ ಮನಸ್ಸಿಗೆ ಇಳಿಯಬೇಕಾದರೆ ಅದು ಚಲಿಸುವುದನ್ನು ನೋಡಬೇಕು. ಕಪ್ಪುಹಲಗೆಯ ಮೇಲೆ ನಾಲ್ಕು ಆಯತ ಬರೆಯಬಹುದು, ನಲವತ್ತು ಬರೆಯಲಾಗದು.

ಮಳೆಗಾಲದ ಸಿದ್ಧತೆ

ಬಯಲುಸೀಮೆಯ ಕಾಲೇಜಿಗೆ ಬರೆದ ಟ್ಯಾಬ್ಲೆಟ್ ಮಾರ್ಗಸೂಚಿ ಜುಲೈನ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಗೆ ಹೊಂದುವುದಿಲ್ಲ. ಇಲ್ಲಿ ಮೊದಲು ವಿಚಾರಿಸಬೇಕಾದದ್ದು ಕರೆಂಟು, ತೇವ ಮತ್ತು ಒದ್ದೆ ಕೈ.

ಕರೆಂಟಿನ ಲೆಕ್ಕ ಹೀಗಿದೆ. ಹತ್ತಿಂಚಿನ ಸಾಮಾನ್ಯ ಟ್ಯಾಬ್ಲೆಟ್‌ನ ಬ್ಯಾಟರಿ ಸುಮಾರು 7,000 ಎಂಎಎಚ್, ಅಂದರೆ ಹತ್ತಿರ ಹತ್ತಿರ 27 ವಾಟ್-ಅವರ್. 14 ಟ್ಯಾಬ್ಲೆಟ್‌ಗೆ 378. ಚಾರ್ಜರ್ ಮತ್ತು ಇನ್ವರ್ಟರ್‌ನಲ್ಲಿ ಸೋರುವುದನ್ನು ಸೇರಿಸಿದರೆ 500ರಿಂದ 550. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ 12 ವೋಲ್ಟ್, 150 ಎಎಚ್ ಇನ್ವರ್ಟರ್ ಬ್ಯಾಟರಿಯಲ್ಲಿರುವುದು 1,800 ವಾಟ್-ಅವರ್. ಅದರ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಲೆಡ್-ಆಸಿಡ್ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ, ಹಾಗಾಗಿ ಕೈಗೆ ಸಿಗುವುದು 900. ಲೈನ್ ಇಡೀ ದಿನ ಇಲ್ಲದಿದ್ದರೂ ಎಲ್ಲ ಟ್ಯಾಬ್ಲೆಟ್‌ಗಳನ್ನೂ ಒಮ್ಮೆ ಪೂರ್ತಿ ತುಂಬಿಸಬಹುದು, ಎರಡನೇ ಸಲಕ್ಕೆ ಸಾಲದು. 10 ವಾಟ್ ಚಾರ್ಜರ್‌ನಲ್ಲಿ ತುಂಬಲು ಸುಮಾರು ನಾಲ್ಕು ಗಂಟೆ ಬೇಕು. ಪರದೆ ಪೂರ್ಣ ಬೆಳಕಿನಲ್ಲಿದ್ದರೂ ಒಂದು ಪೀರಿಯಡ್‌ಗೆ ಖರ್ಚಾಗುವುದು 5 ವಾಟ್-ಅವರ್ ಆಸುಪಾಸು. ನಾಲ್ಕು ಪೀರಿಯಡ್‌ಗೆ ಒಂದೇ ಚಾರ್ಜ್ ಧಾರಾಳವಾಗಿ ಸಾಕು.

ಈ ಲೆಕ್ಕ ಮಾಡಿಟ್ಟುಕೊಳ್ಳುವುದರಿಂದ ಇನ್ನೊಂದು ತೊಂದರೆಯೂ ತಪ್ಪುತ್ತದೆ. ಅಗ್ಗದ ಚಾರ್ಜರ್‌ಗೆ ಹಾಕಿಕೊಂಡೇ ಟ್ಯಾಬ್ಲೆಟ್ ಬಳಸಿದರೆ ಪರದೆ ತಾನಾಗಿ ಒತ್ತಿಕೊಂಡಂತೆ ವರ್ತಿಸುತ್ತದೆ. ಬೆರಳಿಟ್ಟ ಜಾಗ ಒಂದು, ಸ್ಲೈಡರ್ ಹೋಗುವ ಜಾಗ ಇನ್ನೊಂದು. ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲ ಕೆಪಾಸಿಟಿವ್ ಪರದೆಯ ಅಳತೆಯನ್ನು ಕೆಡಿಸುವುದೇ ಇದಕ್ಕೆ ಕಾರಣ. ವಿದ್ಯಾರ್ಥಿಗಳು ಇದನ್ನು ಆಪ್‌ನ ತಪ್ಪು ಎಂದುಕೊಂಡು ಮತ್ತೆ ಮತ್ತೆ ಮುಚ್ಚಿ ತೆರೆಯುತ್ತಾರೆ, ಹತ್ತು ನಿಮಿಷ ಹೋಗುತ್ತದೆ. ತರಗತಿಯಲ್ಲಿ ಚಾರ್ಜ್ ಮಾಡುವುದೇ ಬೇಡ.

ಒದ್ದೆ ಬೆರಳೂ ಇದೇ ತೊಂದರೆ ಕೊಡುತ್ತದೆ. ಬಸ್ಸಿಳಿದು ಕೊಡೆ ಮಡಚಿ ಬರುವವರ ಕೈ ಒದ್ದೆ, ಜೊತೆಗೆ ಚಳಿ. ನೀರಿನ ಒಂದು ಹನಿಯೂ ಪರದೆಗೆ ಬೆರಳಿನಂತೆಯೇ ಕಾಣುತ್ತದೆ. ಇಲ್ಲಿ ಮೂರು ಜನಕ್ಕೆ ಒಂದರಂತೆ ಹತ್ತಿಬಟ್ಟೆಯ ತುಂಡು ಇಟ್ಟದ್ದು ಬಹಳ ಸಣ್ಣ ಏರ್ಪಾಡು, ಆದರೆ ಅದಿಲ್ಲದೆ ಪಾಠ ಶುರುವಾಗುತ್ತಿರಲಿಲ್ಲ.

ತೇವದ ವಿಷಯ. ಮಳೆಗಾಲದಲ್ಲಿ ಬಟ್ಟೆ ಬೂಸಲು ಹಿಡಿಯದಿರಲು ಬೀರುವಿನೊಳಗೆ ಬಲ್ಬ್ ಉರಿಸಿಡುವ ರೂಢಿ ಇಲ್ಲಿನ ಮನೆಗಳಲ್ಲಿದೆ. ಟ್ಯಾಬ್ಲೆಟ್‌ಗೆ ಅದು ಸಲ್ಲದು, ಲಿಥಿಯಂ ಬ್ಯಾಟರಿಗೆ ಶಾಖ ಆಗುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಿಸುವ ಜಾತಿಯದ್ದನ್ನೇ ತರಬೇಕು. ಬಣ್ಣ ತಿರುಗಿತೆಂದರೆ ತೇವ ಕುಡಿದು ತುಂಬಿದೆ, ಒವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಹೆಚ್ಚಾಗಿ ಮೊದಲು ಹಾಳಾಗುವುದು ಚಾರ್ಜಿಂಗ್ ತೂತು. ಒದ್ದೆಯಿರುವಾಗ ಕೇಬಲ್ ಚುಚ್ಚಿದರೆ ಒಳಗಿನ ಲೋಹದ ಮೊನೆಗಳು ಕರಗುತ್ತಾ ಬರುತ್ತವೆ, ಆಮೇಲೆ ಚಾರ್ಜ್ ನಿಂತು ನಿಂತು ಹೋಗುತ್ತದೆ.

ಆಪ್ ಜಿಯೋಜೀಬ್ರಾ, ಗ್ರಾಫ್ ಬಿಡಿಸಿ ಲೆಕ್ಕ ತೋರಿಸುವಂಥದ್ದು. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಕೆಲಸ ಇದು. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಗ್ರಾಫ್, ಸ್ಲೈಡರ್, ಲೋವರ್‌ಸಮ್, ಅಪ್ಪರ್‌ಸಮ್ ಕಮಾಂಡ್‌ಗಳಿಗೆ ಇಂಟರ್‌ನೆಟ್ ಬೇಡ. ಮಳೆ ಜೋರಾದರೆ ನೆಟ್‌ವರ್ಕ್ ಇಲ್ಲವಾಗುವ ಊರಿನಲ್ಲಿ ಆಯ್ಕೆಗೆ ಇದೊಂದೇ ಕಾರಣ ಸಾಕು. ಇನ್‌ಸ್ಟಾಲ್ ಮಾಡುವ ದಿನವೇ ಮೂರು ಕೆಲಸ ಮುಗಿಸಬೇಕು: ಆಪ್ ತಾನಾಗಿ ಅಪ್‌ಡೇಟ್ ಆಗದಂತೆ ಮಾಡುವುದು, ಎಲ್ಲದರಲ್ಲೂ ಮೆನು ಭಾಷೆ ಒಂದೇ ಇಡುವುದು (ಭಾಷೆ ಬದಲಾದರೆ ಕಮಾಂಡ್‌ನ ಹೆಸರೂ ಬದಲಾಗುತ್ತದೆ), ಆಂಡ್ರಾಯ್ಡ್‌ನಲ್ಲೇ ಇರುವ ಆಪ್ ಪಿನ್ನಿಂಗ್ ಆನ್ ಮಾಡುವುದು. ಪಿನ್ ತೆಗೆಯುವಾಗ ಪಾಸ್‌ವರ್ಡ್ ಕೇಳುವ ಆಯ್ಕೆಯನ್ನೂ ಆನ್ ಮಾಡಿದರೆ ಪಾಸ್‌ವರ್ಡ್ ಇಲ್ಲದೆ ಆಪ್‌ನಿಂದ ಹೊರಹೋಗಲಾಗದು, ಯೂಟ್ಯೂಬ್ ಕಡೆ ಕೈ ಹೋಗುವುದಿಲ್ಲ.

ಮೊದಲ ಪೀರಿಯಡ್‌ನಲ್ಲಿ ಆದದ್ದು

ಫೈಲ್‌ನಲ್ಲಿ ಎಕ್ಸ್ ವರ್ಗದ ಗ್ರಾಫ್, 0ಯಿಂದ 1ರವರೆಗೆ ಲೋವರ್ ಸಮ್, ಅಪ್ಪರ್ ಸಮ್, ಆಯತಗಳ ಸಂಖ್ಯೆಗೆ ಎನ್ ಎಂಬ ಸ್ಲೈಡರ್, 1ರಿಂದ 500ರವರೆಗೆ. ಸೂಚನೆ ಸರಳವಾಗಿತ್ತು: ಎನ್ ಹೆಚ್ಚಿಸುತ್ತಾ ಹೋಗಿ, ಏನಾಗುತ್ತದೆ ಬರೆಯಿರಿ.

ಎಲ್ಲ ಗುಂಪುಗಳೂ ಸ್ಲೈಡರ್ ಹಿಡಿದು ಒಂದೇ ಎಳೆತಕ್ಕೆ ಬಲತುದಿಗೆ ಒಯ್ದವು. ಎರಡೂ ಸಂಖ್ಯೆ 0.33 ಎಂದು ತೋರಿಸಿದವು. ನೋಟ್‌ಬುಕ್‌ಗಳಲ್ಲಿ ಬಂದ ಉತ್ತರ ಬಹುತೇಕ ಒಂದೇ: «ಎನ್ 500 ಆದಾಗ ಲೋವರ್ ಸಮ್ ಮತ್ತು ಅಪ್ಪರ್ ಸಮ್ ಸಮವಾಗುತ್ತವೆ.» ಕಲಿಸಬೇಕೆಂದಿದ್ದರ ತದ್ವಿರುದ್ಧ. ಈ ಫಂಕ್ಷನ್‌ಗೆ ಅವೆರಡೂ ಯಾವ ಎನ್‌ಗೂ ಸಮವಾಗುವುದಿಲ್ಲ, ಅದೇ ಇಡೀ ಪಾಠದ ತಿರುಳು.

ತಪ್ಪು ವಿದ್ಯಾರ್ಥಿಗಳದ್ದಲ್ಲ. ಜಿಯೋಜೀಬ್ರಾವನ್ನು ಇದ್ದ ಹಾಗೆಯೇ ಬಿಟ್ಟರೆ ದಶಮಾಂಶದ ಎರಡು ಸ್ಥಾನಕ್ಕೆ ಅಂಕಿ ತೋರಿಸುತ್ತದೆ. ಅಪ್ಪರ್ ಸಮ್‌ನ ಸೂತ್ರ ಬಿಡಿಸಿದರೆ 1/3, ಅದಕ್ಕೆ 1/(2ಎನ್), ಮತ್ತೊಂದು ಚಿಕ್ಕ ಪದ ಕೂಡುತ್ತವೆ. ಎನ್ 300 ಇದ್ದಾಗ ಅದರ ಬೆಲೆ 0.335ಕ್ಕಿಂತ ಕೂದಲೆಳೆ ಹೆಚ್ಚು, ಪರದೆಯಲ್ಲಿ 0.34. ಎನ್ 301 ಆದ ಕೂಡಲೇ 0.335ಕ್ಕಿಂತ ಕೆಳಗೆ ಇಳಿಯುತ್ತದೆ, ಪರದೆಯಲ್ಲಿ 0.33. ಲೋವರ್ ಸಮ್ ಅಷ್ಟರೊಳಗೆ 0.33 ತೋರಿಸುತ್ತಲೇ ಇರುತ್ತದೆ. ಅಂದರೆ 301ರಿಂದ ಮುಂದೆ ಪರದೆಯ ಮೇಲೆ ಎರಡೂ ಒಂದೇ. ಚಿತ್ರವೂ ಅದಕ್ಕೇ ಸಾಕ್ಷಿ ಹೇಳುತ್ತದೆ: 500 ಆಯತಗಳು ಒತ್ತೊತ್ತಾಗಿ ಬಣ್ಣದ ಒಂದೇ ಪಟ್ಟೆಯಾಗಿ ಕಾಣುತ್ತವೆ.

ಇದಕ್ಕಿಂತ ಆಳದ ತೊಂದರೆ ಇನ್ನೊಂದಿತ್ತು. ಸ್ಲೈಡರ್ ತುದಿಗೆ ಹೋದ ಮೇಲೆ ಯೋಚಿಸಲು ಏನೂ ಉಳಿದಿರಲಿಲ್ಲ. ಉತ್ತರ ಎದುರಿಗೇ ಕೂತಿದೆ. ಮೂರು ಜನರ ಗುಂಪಿನಲ್ಲಿ ಒಬ್ಬರು ಎಳೆದರು, ಇಬ್ಬರು ನೋಡಿದರು. ಇದಕ್ಕೂ ಪ್ರೊಜೆಕ್ಟರ್‌ನಲ್ಲಿ ಅಧ್ಯಾಪಕರೇ ತೋರಿಸುವುದಕ್ಕೂ ಏನೂ ವ್ಯತ್ಯಾಸವಿಲ್ಲ, 14 ಟ್ಯಾಬ್ಲೆಟ್ ಒರೆಸಿಡುವ ಕೆಲಸವೊಂದು ಹೆಚ್ಚು.

ಎರಡನೇ ಪೀರಿಯಡ್: ಸ್ಲೈಡರ್‌ಗೆ ಕಡಿವಾಣ

ಫೈಲ್‌ನಲ್ಲಿ ಎರಡೇ ಬದಲಾವಣೆ. ಸೆಟ್ಟಿಂಗ್ಸ್‌ನಲ್ಲಿ ರೌಂಡಿಂಗ್ ಅನ್ನು ಐದು ದಶಮಾಂಶ ಸ್ಥಾನಕ್ಕೆ ಏರಿಸಿ ಸೇವ್ ಮಾಡಿದ್ದು ಒಂದು. ಸ್ಲೈಡರ್‌ನ ಗರಿಷ್ಠ ಬೆಲೆಯನ್ನು 500ರಿಂದ 40ಕ್ಕೆ ಇಳಿಸಿದ್ದು ಇನ್ನೊಂದು.

ಟ್ಯಾಬ್ಲೆಟ್ ಕೊಡುವ ಮೊದಲು ಪ್ರತಿ ಗುಂಪಿಗೆ ಅರ್ಧ ಹಾಳೆ. ಅದರಲ್ಲಿ ಐದು ಕಾಲಂ: ಎನ್, ನಮ್ಮ ಊಹೆ, ಲೋವರ್, ಅಪ್ಪರ್, ಅಂತರ. ಮೊದಲ ಸಾಲು ಎನ್ 4, ಅದನ್ನು ಪೆನ್ನಿನಲ್ಲೇ ಮಾಡಬೇಕು. ಲೋವರ್ 14/64, ಅಂದರೆ 0.21875. ಅಪ್ಪರ್ 30/64, ಅಂದರೆ 0.46875. ಹದಿನೈದು ನಿಮಿಷ ಹಿಡಿಯಿತು. ಆ ಹದಿನೈದು ನಿಮಿಷವನ್ನು ಉಳಿಸಲು ಹೋಗಬಾರದು. ಕೈಯಲ್ಲಿ ಒಮ್ಮೆ ಕೂಡಿದವರಿಗೆ ಮಾತ್ರ ಪರದೆಯ ಆಯತ ಒಂದು ಗುಣಾಕಾರವಾಗಿ ಕಾಣುತ್ತದೆ, ಉಳಿದವರಿಗೆ ಅದು ಬಣ್ಣದ ಕಂಬ.

ಆಮೇಲೆ ಟ್ಯಾಬ್ಲೆಟ್. ಎನ್ 10ಕ್ಕೆ ಅಂತರ ಎಷ್ಟಾಗಬಹುದು? ಮೊದಲು ಊಹೆ ಬರೆಯಬೇಕು, ಅದೂ ಪೆನ್ನಿನಲ್ಲಿ, ಅಳಿಸುವ ಹಾಗಿಲ್ಲ. ನಂತರ ಸ್ಲೈಡರ್. 0.285, 0.385. ಎನ್ 20: 0.30875, 0.35875. ಎನ್ 40: 0.32094, 0.34594. ಅಂತರದ ಕಾಲಂನಲ್ಲಿ 0.25, 0.1, 0.05, 0.025 ಇಳಿಯುತ್ತಾ ಬಂದಾಗ ಯಾರೂ ಹೇಳಿಕೊಡದೆ ಹಿಂದಿನ ಬೆಂಚಿನಿಂದಲೇ 1/ಎನ್ ಎಂಬ ಮಾತು ಬಂತು.

ಮುಂದಿನ ಪ್ರಶ್ನೆಗಾಗಿಯೇ ಸ್ಲೈಡರ್ 40ಕ್ಕೆ ನಿಂತಿದ್ದು. ಅಂತರ 0.001ಕ್ಕಿಂತ ಕಡಿಮೆಯಾಗಲು ಎನ್ ಎಷ್ಟಿರಬೇಕು? ಕೆಲವರು ಸ್ಲೈಡರ್ ಎಳೆದು ನೋಡಿದರು, ಹೋಗಲಿಲ್ಲ. ಆಗ ಹಾಳೆಗೆ ತಿರುಗಿದರು. 1/ಎನ್ ಎಂದು ಗೊತ್ತಿದ್ದರೆ ಎನ್ 1,000ಕ್ಕಿಂತ ಹೆಚ್ಚಿರಬೇಕೆಂದು ಒಂದೇ ಸಾಲಿನಲ್ಲಿ ಸಿಗುತ್ತದೆ. 0.001ರ ಜಾಗದಲ್ಲಿ ಎಪ್ಸಿಲಾನ್ (ಎಷ್ಟು ಚಿಕ್ಕದಾದರೂ ಸರಿ, 0ಗಿಂತ ಹೆಚ್ಚಿನ ಒಂದು ಸಂಖ್ಯೆ) ಬರೆದರೆ ಅದೇ ಪರೀಕ್ಷೆಯಲ್ಲಿ ಬರೆಯಬೇಕಾದ ಪ್ರೂಫ್‌ನ ಬೆನ್ನೆಲುಬು. ಈ ನಾಲ್ಕು ಪೀರಿಯಡ್‌ಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಈ ಗಳಿಗೆಯನ್ನು ಉಳಿಸಿಕೊಳ್ಳಬೇಕು. ಸಾಧನ ಕೈಕೊಡುವ ಜಾಗವನ್ನು ಅಧ್ಯಾಪಕರು ಮೊದಲೇ ಗೊತ್ತುಮಾಡಿದ್ದರು, ವಿದ್ಯಾರ್ಥಿ ಅಲ್ಲಿಂದ ಮುಂದೆ ತಾನೇ ನಡೆದ.

ಊಹಿಸು, ನೋಡು, ವಿವರಿಸು ಎಂಬ ಈ ಕ್ರಮ ಹೊಸದಲ್ಲ. ವೈಟ್ ಮತ್ತು ಗನ್‌ಸ್ಟೋನ್ 1992ರಲ್ಲಿ ಇದನ್ನು ವಿಜ್ಞಾನ ತರಗತಿಗಳಿಗಾಗಿ ವಿವರವಾಗಿ ಬರೆದಿದ್ದಾರೆ. ಗಣಿತಕ್ಕೆ ತರುವಾಗ ಪಾಲಿಸಬೇಕಾದ ನಿಯಮ ಒಂದೇ. ಊಹೆ ಬಾಯಲ್ಲಿದ್ದರೆ ಸಾಲದು, ಹಾಳೆಯ ಮೇಲಿರಬೇಕು. ಬಾಯಿಮಾತಿನ ಊಹೆ ಉತ್ತರ ಕಂಡ ಕೂಡಲೇ «ನಾನೂ ಅದನ್ನೇ ಅಂದದ್ದು» ಆಗಿಬಿಡುತ್ತದೆ.

ಮೂರು ಜನಕ್ಕೆ ಒಂದು ಟ್ಯಾಬ್ಲೆಟ್ ಇದ್ದುದು ಕೊರತೆಯಂತೆ ಕಾಣಬಹುದು. ಇಲ್ಲಿ ಅದೇ ಅನುಕೂಲವಾಯಿತು. ಒಬ್ಬರು ಟ್ಯಾಬ್ ಹಿಡಿಯುವುದು, ಒಬ್ಬರು ಬರೆಯುವುದು, ಮೂರನೆಯವರು «ಏಕೆ» ಎಂದು ಕೇಳುವುದು; ಪ್ರತಿ ಸಾಲಿಗೂ ಪಾಳಿ ಬದಲು. ಮೊದಲ ದಿನ ಇಡೀ ಹೊತ್ತು ಒಬ್ಬರ ಕೈಯಲ್ಲೇ ಇದ್ದ ಟ್ಯಾಬ್ ಈಗ ತಿರುಗಿತು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಕನ್ನಡ ಹೀಗೆ ಬೇರೆಬೇರೆ ಮಾತಾಡುವವರು ಒಂದೇ ಬೆಂಚಿನಲ್ಲಿರುತ್ತಾರೆ. ಪುಸ್ತಕದ ಇಂಗ್ಲಿಷ್ ವಾಕ್ಯವನ್ನು ಅವರು ತಮ್ಮತಮ್ಮಲ್ಲಿ ಬಿಡಿಸಿಕೊಂಡದ್ದು ಈ «ಏಕೆ» ಎಂಬ ಪಾಳಿಯಲ್ಲೇ.

ಮೂರನೇ ಪೀರಿಯಡ್: ಎಡಬದಿಯ ಬಲೆ ಮತ್ತು ಹಾರಂಗಿ

ಏರುತ್ತಾ ಹೋಗುವ ಫಂಕ್ಷನ್‌ನಲ್ಲಿ ಪ್ರತಿ ತುಂಡಿನ ಎಡತುದಿಯ ಎತ್ತರವೇ ಕನಿಷ್ಠ. ಹಾಗಾಗಿ ಲೋವರ್ ಸಮ್ ಎಂದರೆ ಎಡತುದಿಯ ಮೊತ್ತ ಎಂಬ ನಂಬಿಕೆ ಸದ್ದಿಲ್ಲದೆ ಬೇರುಬಿಡುತ್ತದೆ. ಅದನ್ನು ಕೀಳಲು ಅದೇ ಎಕ್ಸ್ ವರ್ಗವನ್ನು −1ರಿಂದ 1ರವರೆಗೆ ತೆಗೆದುಕೊಂಡರು. ಎನ್ 2. ಎಡತುದಿಯ ಮೊತ್ತ 1, ಬಲತುದಿಯ ಮೊತ್ತವೂ 1. «ಎರಡೂ ಒಂದೇ ಬಂತು, ಹಾಗಾದರೆ ಇಂಟಿಗ್ರಲ್ 1» ಎಂದು ಹಲವು ಗುಂಪುಗಳು ಬರೆದವು. ನಿಜವಾದ ಬೆಲೆ 2/3. ಲೋವರ್ ಸಮ್ 0, ಅಪ್ಪರ್ ಸಮ್ 2. ಎನ್ 4 ಮಾಡಿದರೆ ಎಡವೂ ಬಲವೂ 0.75, ಮತ್ತೆ ಒಂದೇ, ಮತ್ತೆ ತಪ್ಪು. ಎರಡೂ ತುದಿಯಲ್ಲಿ ಫಂಕ್ಷನ್‌ನ ಬೆಲೆ ಒಂದೇ ಆದ್ದರಿಂದ ಎಷ್ಟು ತುಂಡು ಮಾಡಿದರೂ ಎಡ, ಬಲ ಮೊತ್ತಗಳು ಕೂಡಿಯೇ ಇರುತ್ತವೆ. ಎರಡು ಲೆಕ್ಕ ಒಂದನ್ನೊಂದು ಒಪ್ಪಿದರೆ ಸಾಲದು, ಒಂದು ಕೆಳಗಿನಿಂದ ಇನ್ನೊಂದು ಮೇಲಿನಿಂದ ಹಿಡಿದಿರಬೇಕು ಎಂಬುದು ಆಗ ಅರ್ಥವಾಯಿತು. ಜಿಯೋಜೀಬ್ರಾದಲ್ಲಿ ಲೆಫ್ಟ್‌ಸಮ್ ಮತ್ತು ಲೋವರ್‌ಸಮ್ ಎರಡೂ ಕಮಾಂಡ್ ಇವೆ. ಎರಡನ್ನೂ ಬೇರೆ ಬಣ್ಣದಲ್ಲಿ ಒಂದರ ಮೇಲೊಂದು ತೋರಿಸಿದರೆ ಹತ್ತು ನಿಮಿಷದ ಮಾತು ಉಳಿಯುತ್ತದೆ.

ಅನ್ವಯಕ್ಕೆ ಆರಿಸಿದ್ದು ಹಾರಂಗಿ ಜಲಾಶಯ. ಗರಿಷ್ಠ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಮಳೆಗಾಲದಲ್ಲಿ ಒಳಹರಿವು ಇಷ್ಟು ಕ್ಯೂಸೆಕ್ ಎಂಬ ಸುದ್ದಿಯನ್ನು ಕೊಡಗಿನ ಮಕ್ಕಳು ಓದುತ್ತಲೇ ಬೆಳೆಯುತ್ತಾರೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮೊದಲನೆಯದರ ಗ್ರಾಫಿನ ಕೆಳಗಿನ ವಿಸ್ತೀರ್ಣವೇ ಎರಡನೆಯದು. ತರಗತಿಗಾಗಿ ಕಲ್ಪಿಸಿಕೊಂಡ ಅಂಕಿಗಳು ಇವು: ಬೆಳಗ್ಗೆ 6ಕ್ಕೆ 4,000 ಕ್ಯೂಸೆಕ್, 9ಕ್ಕೆ 6,000, ಮಧ್ಯಾಹ್ನ 12ಕ್ಕೆ 9,000, 3ಕ್ಕೆ 13,000, ಸಂಜೆ 6ಕ್ಕೆ 16,000. ಹರಿವು ಎಲ್ಲೂ ಇಳಿದಿಲ್ಲ ಎಂದುಕೊಳ್ಳೋಣ. ಮೂರು ಗಂಟೆಯ ಒಂದು ಅವಧಿ ಎಂದರೆ 10,800 ಸೆಕೆಂಡ್. ಕನಿಷ್ಠ ಲೆಕ್ಕ ಮೊದಲ ನಾಲ್ಕು ಅಳತೆಗಳ ಮೊತ್ತ 32,000ವನ್ನು 10,800ರಿಂದ ಗುಣಿಸಿದ್ದು, 0.3456 ಟಿಎಂಸಿ. ಗರಿಷ್ಠ ಲೆಕ್ಕ ಕೊನೆಯ ನಾಲ್ಕರ ಮೊತ್ತ 44,000ವನ್ನು ಗುಣಿಸಿದ್ದು, 0.4752. ಅಂತರ 0.1296.

ಗಂಟೆಗೊಮ್ಮೆ ಅಳೆದಿದ್ದರೆ? ನಡುವಿನ ಅಂಕಿಗಳನ್ನು ಕೊಡದೆಯೇ ಈ ಪ್ರಶ್ನೆ ಕೇಳಿದರು. ಏರುತ್ತಲೇ ಇರುವ ಹರಿವಿಗೆ ಅಂತರವೆಂದರೆ ಕೊನೆಯ ಅಳತೆಯಲ್ಲಿ ಮೊದಲನೆಯದನ್ನು ಕಳೆದು ಒಂದು ಅವಧಿಯಿಂದ ಗುಣಿಸಿದ್ದು: 12,000 ಗುಣಿಸು 3,600, ಅಂದರೆ 0.0432 ಟಿಎಂಸಿ. ನಡುವೆ ಏನಿತ್ತೆಂದು ಗೊತ್ತಿಲ್ಲದೆಯೂ ಅಂತರ ಗೊತ್ತಾಯಿತು! ಎಕ್ಸ್ ವರ್ಗದಲ್ಲಿ 1/ಎನ್ ಬಂದದ್ದೂ ಇದೇ ಕಾರಣಕ್ಕೆ. ಏರುವ ಫಂಕ್ಷನ್‌ಗಳೆಲ್ಲ ಇಂಟಿಗ್ರಬಲ್ (ಅಂದರೆ ಅವಕ್ಕೆ ರೀಮನ್ ಇಂಟಿಗ್ರಲ್ ಇದೆ) ಎಂಬ ಪ್ರಮೇಯದ ಪ್ರೂಫ್ ಇಷ್ಟೇ. ಅದನ್ನು ಅವರು ಅಣೆಕಟ್ಟಿನ ನೀರಿನಲ್ಲಿ ಕಂಡುಕೊಂಡರು.

ಮಧ್ಯಾಹ್ನ ಒಂದು ಗಂಟೆಗೆ ಪ್ರವಾಹ ಉಕ್ಕಿ ಎರಡಕ್ಕೆ ಇಳಿದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ತುದಿಗಳ ಅಳತೆ ಆಗ ಕನಿಷ್ಠವೂ ಅಲ್ಲ, ಗರಿಷ್ಠವೂ ಅಲ್ಲ. ತೋಟದ ಮಳೆಮಾಪಕದಲ್ಲಿ ಇಂಚು, ಸೆಂಟು ಲೆಕ್ಕ ಬರೆಯುವ ಮನೆಗಳಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಬೆಳಗ್ಗೆ ಒಮ್ಮೆ ನೋಡಿದ ಮಾಪಕ ಮಳೆ ಎಷ್ಟು ಬಂತೆಂದು ಹೇಳುತ್ತದೆ, ಯಾವಾಗ ಜೋರಾಗಿತ್ತೆಂದು ಹೇಳುವುದಿಲ್ಲ.

ನಾಲ್ಕನೇ ಪೀರಿಯಡ್: ಟ್ಯಾಬ್ಲೆಟ್ ಬೇಡವಾದ ಜಾಗ

ಡಿರಿಕ್ಲೆ ಫಂಕ್ಷನ್. ಭಾಗಲಬ್ಧ ಸಂಖ್ಯೆಗೆ 1, ಅಭಾಗಲಬ್ಧಕ್ಕೆ 0. ಎಷ್ಟೇ ತುಂಡು ಮಾಡಿದರೂ 0ಯಿಂದ 1ರವರೆಗೆ ಲೋವರ್ ಸಮ್ 0, ಅಪ್ಪರ್ ಸಮ್ 1. ನಡುವಿನ ಸಂದು ಮುಚ್ಚುವುದೇ ಇಲ್ಲ, ರೀಮನ್ ಇಂಟಿಗ್ರಲ್ ಇಲ್ಲ. ಇದನ್ನು ಟ್ಯಾಬ್ಲೆಟ್ ತೋರಿಸಲಾರದು. ಲೆಕ್ಕಕ್ಕೆ ಅದು ಬಳಸುವ ಪ್ರತಿ ದಶಮಾಂಶ ಸಂಖ್ಯೆಯೂ ಯಾವುದಾದರೊಂದು ಸ್ಥಾನದಲ್ಲಿ ಮುಗಿಯುವಂಥದ್ದು, ಅಂದರೆ ಭಾಗಲಬ್ಧ. ಅದರ ಕಣ್ಣಿಗೆ ಈ ಫಂಕ್ಷನ್ ಎಲ್ಲೆಡೆ 1. ಹಾಗಾಗಿ ಅಂದು ಸೀಮೆಸುಣ್ಣ, ಕಪ್ಪುಹಲಗೆ ಮಾತ್ರ. ಹಿಂದಿನ ಮೂರು ದಿನ ಪರದೆ ನೋಡಿದವರಿಗೆ ಪರದೆ ಏನನ್ನು ಕಾಣಲಾರದೆಂದು ತಿಳಿಯುವುದೂ ಪಾಠದ ಭಾಗ.

ಸರ್ವರ್ ಪ್ರಯೋಗ

ಉತ್ತರಗಳನ್ನು ಟ್ಯಾಬ್ಲೆಟ್‌ನಲ್ಲೇ ಸಂಗ್ರಹಿಸಲು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮೂಡಲ್ (ಪಾಠ, ಕ್ವಿಜ್ ನಡೆಸುವ ಸಾಫ್ಟ್‌ವೇರ್) ಹಾಕಿ, ಕೇಬಲ್‌ನಿಂದ ಸಣ್ಣ ರೌಟರ್ ಜೋಡಿಸಿದ್ದರು. ಇಂಟರ್‌ನೆಟ್ ಇಲ್ಲದ ವೈಫೈ ಕಂಡಾಗ ಆಂಡ್ರಾಯ್ಡ್ «ಸಂಪರ್ಕದಲ್ಲೇ ಇರಲೇ» ಎಂದು ಕೇಳುತ್ತದೆ; ಹೌದು ಎಂದು ಒತ್ತಿ, ಮತ್ತೆ ಕೇಳಬೇಡ ಎಂದೂ ಗುರುತು ಹಾಕದಿದ್ದರೆ ಟ್ಯಾಬ್ ಆ ನೆಟ್‌ವರ್ಕ್ ಬಿಟ್ಟು ಹೋಗುತ್ತದೆ. ಇದು 14 ಸಲ ಮಾಡುವ ಕೆಲಸ. ಇನ್ನೊಂದು ತೊಡಕು ಹುಡುಕಲು ಹೆಚ್ಚು ಹೊತ್ತು ಬೇಕಾಯಿತು: ಕ್ವಿಜ್ «ಇನ್ನೂ ತೆರೆದಿಲ್ಲ» ಎಂದಿತು. ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದರೆ ಅದು ಕೊನೆಗೆ ಉಳಿಸಿಕೊಂಡ ಸಮಯದಿಂದಲೇ ಮುಂದುವರಿಯುತ್ತದೆ, ಇಂಟರ್‌ನೆಟ್ ಇಲ್ಲದೆ ಸರಿಪಡಿಸಿಕೊಳ್ಳಲಾರದು. ಡಿಎಸ್3231 ಗಡಿಯಾರ ಮಾಡ್ಯೂಲ್ ಜೋಡಿಸುವುದು ಶಾಶ್ವತ ಪರಿಹಾರ. ಕ್ವಿಜ್‌ಗೆ ಆರಂಭದ ಸಮಯವನ್ನೇ ಕೊಡದಿರುವುದು ಸುಲಭ ಪರಿಹಾರ. ಸಾಲದ್ದಕ್ಕೆ ಆಪ್ ಪಿನ್ ಆಗಿರುವಾಗ ಬ್ರೌಸರ್‌ಗೆ ಹೋಗಲಾಗದು. ಮೂರನೇ ಪೀರಿಯಡ್‌ನಿಂದ ಸರ್ವರ್ ನಿಂತಿತು, ಅರ್ಧ ಹಾಳೆಯೇ ಉತ್ತರಪತ್ರಿಕೆಯಾಯಿತು. ದಿನನಿತ್ಯದ ಪಾಠಕ್ಕೆ ಅದೇ ಸರಿ. ಗಣಿತದ ವಾಕ್ಯವನ್ನು ಟ್ಯಾಬ್‌ನ ಕೀಬೋರ್ಡ್‌ನಲ್ಲಿ ಒತ್ತುವಷ್ಟರಲ್ಲಿ ಪೆನ್ನಿನಲ್ಲಿ ಮೂರು ಸಲ ಬರೆದು ಮುಗಿಸಬಹುದು.

ಬಾಕಿ ಉಳಿದದ್ದು

ಮಳೆಯ ರಜೆ ಘೋಷಣೆಯಾದರೆ ಎರಡು ಪೀರಿಯಡ್‌ಗಳ ನಡುವೆ ವಾರ ಕಳೆಯಬಹುದು. ಆದ್ದರಿಂದ ಒಂದು ದಿನದ ಫೈಲ್ ಹಿಂದಿನ ದಿನದ್ದನ್ನು ನೆಚ್ಚಿರಬಾರದು. ದೂರದ ಬಸ್ಸುಗಳು ತಡವಾಗುವುದರಿಂದ ಮೊದಲ ಹತ್ತು ನಿಮಿಷದಲ್ಲಿ ಹೊಸ ವಿಷಯ ಇಡಬಾರದು. ಎನ್ 4ರ ಕೈಲೆಕ್ಕದಂಥ ಕೆಲಸ ಆ ಹೊತ್ತಿಗೆ ಸರಿಹೊಂದುತ್ತದೆ, ತಡವಾಗಿ ಬಂದವರು ಬೆಂಚಿನವರ ಹಾಳೆ ನೋಡಿ ಸೇರಿಕೊಳ್ಳಬಹುದು. ಒಂದು ಪೀರಿಯಡ್‌ನ ಹಾಳೆ ಮತ್ತು ಫೈಲ್ ಸಿದ್ಧಪಡಿಸಲು ಅಧ್ಯಾಪಕರಿಗೆ ಪಾಠಕ್ಕಿಂತ ಹೆಚ್ಚು ಹೊತ್ತು ಬೇಕು, ಅದಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗವಿಲ್ಲ. ಇದು ನಿಜವಾದ ಕೊರತೆ, ಹೊಸ ಟ್ಯಾಬ್ಲೆಟ್ ಕೊಂಡರೆ ತುಂಬುವಂಥದ್ದಲ್ಲ.

ಸೆಮಿಸ್ಟರ್ ಮುಗಿದು ಡಬ್ಬಿಗೆ ಹಾಕುವಾಗ ಬ್ಯಾಟರಿ 50 ಪ್ರತಿಶತದ ಆಸುಪಾಸಿನಲ್ಲಿರಲಿ. ಪೂರ್ತಿ ತುಂಬಿಯೂ ಇಡಬಾರದು, ಖಾಲಿಯಾಗಿಯೂ ಇಡಬಾರದು. ಎರಡು ತಿಂಗಳಿಗೊಮ್ಮೆ ತೆರೆದು ನೋಡುವವರ ಹೆಸರನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದು ಅಂಟಿಸಿ, ಸಿಲಿಕಾ ಜೆಲ್ ಬದಲಿಸಿದ ತಾರೀಖನ್ನೂ ಅಲ್ಲೇ ಬರೆಯಿರಿ.